ಮುಟ್ಟು ನಿಲ್ಲುವ ಸಮಯದ ಸೆಕೆಗೆ ಮಂಡೆಯ ಮಾತ್ರೆ ಬರ್ದು ಕೊಟ್ಟಿದ್ದಾರೆ, ಹಾರ್ಮೋನ್ ಯಾಕೆ ಕೊಡ್ಲಿಲ್ಲ?

ನೀರ್ಚಾಲು ಅಕ್ಕ
ಎಲ್ಲರಿಗೂ ನಮಸ್ಕಾರ. ನಂಗೆ 49. ಎಂಟು ತಿಂಗಳಿಂದ ಮುಟ್ಟು ಲೆಕ್ಕಕ್ಕೆ ಸಿಗುದಿಲ್ಲ, ಎರಡು ತಿಂಗಳಿಗೊಮ್ಮೆ ಮೂರು ತಿಂಗಳಿಗೊಮ್ಮೆ ಬರ್ತದೆ. ಅದರದ್ದು ತೊಂದರೆ ಇಲ್ಲ, ತೊಂದರೆ ಇರುದು ಈ ಸೆಕೆಯದ್ದು. ಏಪ್ರಿಲಲ್ಲಿ ಕಾಸರಗೋಡಲ್ಲಿ ಯಾರಿಗೆ ಸೆಕೆ ಇಲ್ಲ ಅಂತ ಕೇಳ್ಬಹುದು, ನಾನೂ ಮೊದ್ಲು ಹಾಗೇ ಅಂದುಕೊಂಡದ್ದು. ಆದ್ರೆ ಜುಲೈಯ ಮಳೆಯಲ್ಲಿ ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದಾಗ ನಾನೊಬ್ಬಳು ಎದ್ದು ಜಗಲಿಗೆ ಬಂದು ಕೂತ್ಕೊಳ್ಳುದು, ಎದೆಯಿಂದ ಶುರುವಾಗಿ ಕುತ್ತಿಗೆ ಕೆನ್ನೆ ಕಿವಿವರೆಗೆ ಒಲೆ ಬುಡದಲ್ಲಿ ಕೂತ ಹಾಗೆ ಬಿಸಿ ಏರ್ತದೆ, ಐದು ನಿಮಿಷದಲ್ಲಿ ರವಿಕೆ ಹಿಂಡಿದ್ರೆ ನೀರು ಬರ್ಬೇಕು ಅಷ್ಟು ಬೆವರು, ಮತ್ತೆ ಚಳಿ. ರಾತ್ರಿ ಮೂರು ನಾಲ್ಕು ಸಲ, ಹಗಲು ಐದಾರು ಸಲ. ನಿದ್ದೆ ಇಲ್ಲದೆ ಸಿಟ್ಟು ಬರ್ತದೆ, ಮೊನ್ನೆ ಅಡಿಕೆ ಸುಲಿಯಲಿಕ್ಕೆ ಬಂದವರ ಹತ್ರ ಸುಮ್ಮನೆ ರೇಗಿ ಮತ್ತೆ ಒಳಗೆ ಹೋಗಿ ಅತ್ತದ್ದು.

ಮಂಗ್ಳೂರಿಗೆ ಹೋಗಿ ಹೆಂಗಸರ ಡಾಕ್ಟ್ರಿಗೆ ತೋರಿಸಿದೆ. ಎರಡೂವರೆ ಗಂಟೆ ಕೂತು ನಾಲ್ಕು ನಿಮಿಷ ಮಾತಾಡಿದ್ದು. ಒಂದು ಮಾತ್ರೆ ಬರೆದ್ರು, ರಾತ್ರಿ ಊಟ ಆದ ಮೇಲೆ ಒಂದು, ತಿಂಗಳು ಬಿಟ್ಟು ಬನ್ನಿ. ಮನೆಗೆ ಬಂದ ಮೇಲೆ ಮಗಳು ಮೊಬೈಲಲ್ಲಿ ನೋಡಿ, ಅಮ್ಮಾ ಇದು ಡಿಪ್ರೆಶನ್ ಮದ್ದಲ್ವಾ ಅಂತ ಕೇಳಿದ್ಳು. ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ. ನಂಗೆ ಕೈಕಾಲು ತಣ್ಣಗಾಯ್ತು. ನಾನು ಸೆಕೆ ಅಂತ ಹೇಳಿದ್ದು, ಅವ್ರಿಗೆ ನನ್ನ ಮಂಡೆ ಸರಿ ಇಲ್ಲ ಅಂತ ಕಂಡಿತಾ? ನಾದಿನಿ ಹೇಳ್ತಾಳೆ ಹಾರ್ಮೋನ್ ಕೊಡದ್ದೇ ಒಳ್ಳೆದಾಯ್ತು, ಅದ್ರಲ್ಲಿ ಕ್ಯಾನ್ಸರ್ ಬರ್ತದೆ ಅಂತ. ಮಾತ್ರೆ ಇನ್ನೂ ತೆಗೊಂಡಿಲ್ಲ, ಕಪಾಟಿನಲ್ಲಿ ಉಂಟು. ಗೊತ್ತಿದ್ದವರು ಹೇಳಿ.

ಕುಂಬಳೆ ಟೀಚರ್
ಅಕ್ಕಾ ನಂಗೆ 54, ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಮಾಡ್ತೇನೆ, ಎರಡೂವರೆ ವರ್ಷದಿಂದ ಹಾರ್ಮೋನ್ ತೆಗೊಳ್ತಾ ಇದ್ದೇನೆ. ಈಸ್ಟ್ರೊಜನ್ ಜೆಲ್ ದಿನಾ ತೋಳಿಗೆ ಹಚ್ಚುದು, ರಾತ್ರಿ ಪ್ರೊಜೆಸ್ಟರಾನ್ ಗುಳಿಗೆ. ಅದಕ್ಕಿಂತ ಮೊದಲು ನಂಗೂ ನಿಮ್ಮ ಹಾಗೇ ಆದದ್ದು. ಒಂಬತ್ತನೇ ಕ್ಲಾಸಿನ ಮಕ್ಕಳ ಎದುರು ಬೋರ್ಡಿನಲ್ಲಿ ಬರೀತಾ ಇರುವಾಗ ಮುಖ ಕೆಂಪಾಗಿ ಬೆವರು ಇಳಿದು, ಹೇಳ್ಬೇಕಾದ ಪದ ಮರೆತು ನಿಂತದ್ದು ಉಂಟು, ಒಬ್ಬ ಹುಡುಗ ಟೀಚರ್ ನೀರು ಬೇಕಾ ಅಂತ ಓಡಿ ಬಂದ. ಜೆಲ್ ಶುರು ಮಾಡಿ ಮೂರನೇ ವಾರಕ್ಕೆ ರಾತ್ರಿ ಪೂರ್ತಿ ನಿದ್ದೆ ಮಾಡಿದೆ, ಬೆಳಿಗ್ಗೆ ಎದ್ದು ಕಣ್ಣಲ್ಲಿ ನೀರು ಬಂತು.

ನಂಗೂ ಮೊದ್ಲು ಒಬ್ರು ಮಂಡೆಯ ಮಾತ್ರೆಯೇ ಕೊಟ್ಟದ್ದು. ನನ್ನ ಅಭಿಪ್ರಾಯ ಕೇಳಿದ್ರೆ, ಹೆಂಗಸರು ಮೈಯ ಕಷ್ಟ ಹೇಳಿದ್ರೆ ಅದನ್ನು ಮನಸ್ಸಿನ ಕಷ್ಟ ಅಂತ ಮಾಡಿ ಕಳಿಸುದು ಸುಲಭ. ಕೊರತೆ ಆದದ್ದು ಈಸ್ಟ್ರೊಜನ್, ಕೊಡ್ಬೇಕಾದ್ದು ಈಸ್ಟ್ರೊಜನ್. ಧೈರ್ಯದಲ್ಲಿ ಕೇಳಿ.

ಬೇಳದ ಅತ್ತೆ
ಮಗಾ ನಂಗೆ ಈಗ 71. ಮೊಮ್ಮಗಳು ಟೈಪ್ ಮಾಡಿ ಕೊಡ್ತಿದ್ದಾಳೆ. ನಂಗೆ 47ಕ್ಕೆ ನಿಂತದ್ದು. ಆಗ ಎರಡು ವರ್ಷ ನಾನು ರಾತ್ರಿ ಬಾವಿ ಹತ್ರ ಹೋಗಿ ಕೊಡಪಾನದಿಂದ ನೀರು ಸುರಿದುಕೊಳ್ಳುದು, ಯಾರ ಹತ್ರ ಹೇಳುದು, ಅತ್ತೆ ಇದ್ರು ಮಾವ ಇದ್ರು. ಎಂತದೋ ಬಾಧೆ ಅಂತ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ರು, ಪರಿಹಾರ ಮಾಡಿಸಿದ್ರು. ಅದು ಮುಟ್ಟು ನಿಲ್ಲುದರಿಂದ ಆಗುದು ಅಂತ ನಂಗೆ ಗೊತ್ತಾದದ್ದು ಸೊಸೆಗೆ ಶುರುವಾದ ಮೇಲೆ. ಮೂರು ವರ್ಷ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು, ಡಾಕ್ಟ್ರು ಎಲುಬು ಸವೆದಿದೆ ಅಂದ್ರು. ನೀನು ಕೇಳ್ತಾ ಇದ್ದಿಯಲ್ಲ, ಅದೇ ದೊಡ್ಡ ವಿಷಯ. ಕೇಳು, ನಾಚಿಕೆ ಬೇಡ.

ಮುಳ್ಳೇರಿಯ ಸಿಸ್ಟರ್
ನಾನು 22 ವರ್ಷದಿಂದ ಸ್ಟಾಫ್ ನರ್ಸ್, ಡಾಕ್ಟ್ರಲ್ಲ, ಅದನ್ನು ಮನಸ್ಸಲ್ಲಿ ಇಟ್ಟು ಓದಿ. ಸ್ವಲ್ಪ ಉದ್ದ ಆಗ್ತದೆ.

ನೀರ್ಚಾಲು ಅಕ್ಕಾ, ಮೊದಲನೇದು, ಆ ಮಾತ್ರೆ ಬರೆದದ್ದು ನಿಮ್ಮ ಮಂಡೆ ಸರಿ ಇಲ್ಲ ಅಂತ ಆಗಿರ್ಲಿಕ್ಕಿಲ್ಲ. ಮೈಯ ಬಿಸಿ ನೋಡ್ಕೊಳ್ಳುವ ಒಂದು ಜಾಗ ಮೆದುಳಲ್ಲಿ ಉಂಟು, ಹೈಪೊಥಲಾಮಸ್ ಅಂತ. ತೋಟದ ಪಂಪಿನ ಸ್ಟಾರ್ಟರ್ ಗೊತ್ತುಂಟಲ್ಲ, ವೋಲ್ಟೇಜ್ ಒಂದು ಮಟ್ಟದಿಂದ ಮೇಲೆ ಹೋದ್ರೆ ಟ್ರಿಪ್ ಆಗುದು. ಈಸ್ಟ್ರೊಜನ್ ಇಳಿದಾಗ ಆ ಸ್ಟಾರ್ಟರ್ ತುಂಬಾ ಸೂಕ್ಷ್ಮ ಆಗ್ತದೆ, ಮೈ ಬಿಸಿ ಒಂಚೂರು ಏರಿದ್ರೂ ಟ್ರಿಪ್, ಕೂಡ್ಲೆ ರಕ್ತನಾಳ ಅಗಲ ಆಗಿ ಬೆವರು ಹರಿಸಿ ಮೈ ತಣ್ಣಗೆ ಮಾಡ್ಲಿಕ್ಕೆ ನೋಡ್ತದೆ. ಮತ್ತೆ ಬರುವ ಚಳಿ ಅದ್ರದ್ದೇ. ಎಸ್ಸಿಟಾಲೊಪ್ರಾಮ್, ವೆನ್ಲಾಫಾಕ್ಸಿನ್, ಪ್ಯಾರಾಕ್ಸಿಟಿನ್ ಈ ಜಾತಿಯ ಮಾತ್ರೆಗಳು ಸೆರೊಟೊನಿನ್, ನಾರ್‌ಎಪಿನೆಫ್ರಿನ್ ಅನ್ನುವ ಮೆದುಳಿನ ರಾಸಾಯನಿಕಗಳ ಮೂಲಕ ಅದೇ ಸ್ಟಾರ್ಟರನ್ನು ಸ್ವಲ್ಪ ಸಮಾಧಾನ ಮಾಡ್ತವೆ. ಡಿಪ್ರೆಶನ್ ಇಲ್ಲದವರಿಗೂ ಮಾಡ್ತವೆ. ಡಿಪ್ರೆಶನಿಗೆ ಹಿಡಿಯಲಿಕ್ಕೆ ನಾಲ್ಕು ಆರು ವಾರ ಬೇಕು, ಸೆಕೆಗಾದ್ರೆ ಒಂದೆರಡು ವಾರದಲ್ಲೇ ಗೊತ್ತಾಗ್ತದೆ. ಅಮೇರಿಕದಲ್ಲಿ 2013ರಲ್ಲಿ ಪ್ಯಾರಾಕ್ಸಿಟಿನನ್ನು 7.5 ಮಿಲಿಗ್ರಾಂನ ಸಣ್ಣ ಡೋಸಲ್ಲಿ ಬರೀ ಈ ಸೆಕೆಗೆ ಅಂತಲೇ ಒಪ್ಪಿದ್ರು. ಇದನ್ನು ಡಾಕ್ಟ್ರು ಅಲ್ಲೇ ಎರಡು ವಾಕ್ಯ ಹೇಳಿದ್ರೆ ನೀವು ಮನೆಗೆ ಬಂದು ಅಳ್ಬೇಕಾಗಿರ್ಲಿಲ್ಲ.

ಎರಡನೇದು, ಹಾರ್ಮೋನಿನ ಕ್ಯಾನ್ಸರ್ ಹೆದ್ರಿಕೆ. ಅದು ಬಂದದ್ದು ಡಬ್ಲ್ಯುಎಚ್‌ಐ ಅಂತ ಅಮೇರಿಕದ ಒಂದು ದೊಡ್ಡ ಅಧ್ಯಯನದಿಂದ. ಗರ್ಭಕೋಶ ಇರುವ 16,608 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೊಜನ್ ಪ್ರೊಜೆಸ್ಟಿನ್ ಸೇರಿದ ಮಾತ್ರೆ, ಉಳಿದವರಿಗೆ ಒಳಗೆ ಮದ್ದೇ ಇಲ್ಲದ ಬರೀ ಸಪ್ಪೆ ಮಾತ್ರೆ. 2002ರ ಜುಲೈಯಲ್ಲಿ ಅದನ್ನು ಮಧ್ಯದಲ್ಲೇ ನಿಲ್ಲಿಸಿದ್ರು, ಪ್ರಪಂಚ ಇಡೀ ಸುದ್ದಿ ಆಯ್ತು, ಲಕ್ಷಗಟ್ಟಲೆ ಹೆಂಗಸರು ಹಾರ್ಮೋನ್ ಬಿಟ್ರು. ಲೆಕ್ಕ ಎಂತ ಅಂದ್ರೆ, ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಸ್ತನ ಕ್ಯಾನ್ಸರ್ 30 ಇದ್ದದ್ದು 38 ಆಯ್ತು. ಪಾರ್ಶ್ವವಾಯು ಕೂಡ 8 ಹೆಚ್ಚು. ಸೊಂಟದ ಎಲುಬು ಮುರಿಯುದು 5 ಕಡಿಮೆ. ಇದು ಸುಳ್ಳಲ್ಲ, ಎಂಟು ಹೆಂಗಸರು ಅಂದ್ರೆ ಎಂಟು ಮನೆ. ಆದ್ರೆ ಅವರ ಸರಾಸರಿ ಪ್ರಾಯ 63. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುದು ಸರಾಸರಿ 46-47ಕ್ಕೆ. ಮುಟ್ಟು ನಿಂತು ಹತ್ತಕ್ಕಿಂತ ಹೆಚ್ಚು ವರ್ಷ ಕಳೆದ ಮೇಲೆ ಶುರು ಮಾಡುದಕ್ಕೂ ಈಗ ಶುರು ಮಾಡುದಕ್ಕೂ ವ್ಯತ್ಯಾಸ ಉಂಟು, ಹೃದಯದ ವಿಷಯದಲ್ಲಂತೂ ತುಂಬಾ. ಅದಕ್ಕೇ ಈಗ ಹೇಳುದು, 60 ವರ್ಷದೊಳಗೆ ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಇರುವ, ಬೇರೆ ಅಡ್ಡಿ ಇಲ್ಲದ ಹೆಂಗಸರಿಗೆ ಲಾಭ ಜಾಸ್ತಿ ಅಂತ.

ಮತ್ತೆ ಟೀಚರ್ ಹೇಳಿದ ಜೆಲ್ ಚರ್ಮದ ಮೂಲಕ ಹೋಗುದು, ಮಾತ್ರೆಯ ಹಾಗೆ ಮೊದ್ಲು ಲಿವರಿಗೆ ಹೋಗುದಿಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಗರ್ಭಕೋಶ ಇದ್ರೆ ಈಸ್ಟ್ರೊಜನ್ ಒಂದನ್ನೇ ಕೊಡ್ಲಿಕ್ಕಿಲ್ಲ, ಒಳಪದರ ದಪ್ಪ ಆಗಿ ಕ್ಯಾನ್ಸರಿಗೆ ದಾರಿ ಆಗ್ತದೆ, ಅದಕ್ಕೆ ಜೊತೆಗೆ ಪ್ರೊಜೆಸ್ಟರಾನ್.

ಅಕ್ಕಾ ನಿಮ್ಮದು ಕೆಲವು ವಿಷಯ ಗೊತ್ತಾಗ್ಬೇಕು. ಗರ್ಭಕೋಶ ಉಂಟಾ, ಬಿಪಿ ಎಷ್ಟು, ಮನೆಯಲ್ಲಿ ಯಾರಿಗಾದ್ರೂ ಸ್ತನ ಕ್ಯಾನ್ಸರ್, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು ಉಂಟಾ, ಮತ್ತೆ ಮನಸ್ಸು ಹೇಗುಂಟು, ಸಿಟ್ಟು ಬರುದು ನಿದ್ದೆ ಇಲ್ಲದ್ದಕ್ಕಾ ಅಥವಾ ಯಾವುದ್ರಲ್ಲೂ ಆಸಕ್ತಿಯೇ ಇಲ್ವಾ. ಕೊನೇದು ಎಲ್ಲಕ್ಕಿಂತ ಮುಖ್ಯ.

ಪೆರ್ಲದ ಅಮ್ಮ
ಒಂದು ಮಾತು ಹೇಳ್ಬೇಕು. ಟೀಚರ್ ಬೇಜಾರು ಮಾಡ್ಬೇಡಿ. ನೀವೆಲ್ಲ ಮಂಡೆಯ ಮಾತ್ರೆ ಮಂಡೆಯ ಮಾತ್ರೆ ಅಂತ ಬರೀತೀರಿ, ಓದುವಾಗ ನಂಗೆ ನೋವಾಗ್ತದೆ, ಯಾಕಂದ್ರೆ ನಾನು ಇವತ್ತು ಇಲ್ಲಿ ಕೂತು ಬರೀತಾ ಇದ್ರೆ ಅದು ಆ ಮಾತ್ರೆಯಿಂದ.

ನನ್ನ ಮಗನಿಗೆ 28 ವರ್ಷ, ಎದ್ದು ಕೂರ್ಲಿಕ್ಕೆ ಆಗುದಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಮೇಲಿಂದ ಎಂಡೋಸಲ್ಫಾನ್ ಅನ್ನುವ ಕೀಟದ ಮದ್ದು ಬಿಡ್ತಾ ಇದ್ದ ಕಾಲದಲ್ಲಿ ಹುಟ್ಟಿದವ, ಎಣ್ಮಕಜೆಯ ಕಡೆಯವರಿಗೆ ಹೆಚ್ಚು ಹೇಳ್ಬೇಕಾದ್ದಿಲ್ಲ. ಅವನನ್ನು ಎತ್ತಿ ಮೀಯಿಸಿ ಉಣ್ಣಿಸಿ ಇಷ್ಟು ವರ್ಷ ಬಂದವಳು ನಾನು, ಒಂದು ದಿನ ಸೋತಿರ್ಲಿಲ್ಲ. 48ಕ್ಕೆ ಮುಟ್ಟು ಏರುಪೇರಾಗ್ಲಿಕ್ಕೆ ಶುರುವಾದಾಗ ಎಂತಾಯ್ತೋ ಗೊತ್ತಿಲ್ಲ, ಬೆಳಿಗ್ಗೆ ನಾಲ್ಕು ಗಂಟೆಗೆ ಎಚ್ಚರ ಆಗುದು, ಎಚ್ಚರ ಆದ ಕೂಡ್ಲೆ ಎದೆ ಭಾರ, ಮಗನ ಮುಖ ನೋಡಿದ್ರೂ ಎಂತದೂ ಅನಿಸ್ತಿರ್ಲಿಲ್ಲ. ಅದು ನಂಗೆ ಅತಿ ಹೆದ್ರಿಕೆ ಆದದ್ದು, ಅವನ ಮುಖ ನೋಡಿ ಎಂತದೂ ಅನಿಸದೇ ಇದ್ದದ್ದು. ಬಾವಿಕಟ್ಟೆ ಹತ್ರ ನಿಂತ್ರೆ ಬೇಡದ ಯೋಚನೆ ಬರ್ತಿತ್ತು. ಸೆಕೆಯೂ ಇತ್ತು, ಆದ್ರೆ ಅದು ಯಾರಿಗೆ ಬೇಕಿತ್ತು ಆಗ.

ಆಶಾ ಕಾರ್ಯಕರ್ತೆ ಒಬ್ಬಳು ಹಿಡಿದು ಕರ್ಕೊಂಡು ಹೋದ್ಳು. ಸೈಕಿಯಾಟ್ರಿ ಡಾಕ್ಟ್ರು ಮಲಯಾಳದವರು, ಒಳ್ಳೆಯವರೇ, ಆದ್ರೆ ನಂಗೆ ಅಂಗಡಿ ವ್ಯವಹಾರಕ್ಕೆ ಬರುವಷ್ಟೇ ಮಲಯಾಳ ಬರುದು, ಎದೆಯೊಳಗಿನದ್ದು ಹೇಳುವಷ್ಟು ಬರುದಿಲ್ಲ. ಅಲ್ಲಿದ್ದ ತುಳು ಗೊತ್ತಿದ್ದ ಒಬ್ಬ ನರ್ಸ್ ಮಧ್ಯ ಕೂತು ಎರಡೂ ಕಡೆಗೆ ಹೇಳಿದ್ರು. ಸೆರ್ಟ್ರಾಲಿನ್ ಅಂತ ಡಿಪ್ರೆಶನ್ ಮಾತ್ರೆ ಶುರು ಮಾಡಿದ್ರು. ಐದನೇ ವಾರದಲ್ಲಿ ಒಂದು ದಿನ ಮಗನಿಗೆ ಉಣ್ಣಿಸ್ತಾ ಇದ್ದವಳು ಹಾಡು ಗುನುಗ್ತಾ ಇದ್ದೆ ಅಂತ ಗಂಡ ಹೇಳಿದ್ರು. ನಂಗೆ ಗೊತ್ತೇ ಇರ್ಲಿಲ್ಲ.

ಹಾಗಾಗಿ ಆ ಮಾತ್ರೆ ಕಳಿಸಿ ಬಿಡುವ ಮಾತ್ರೆ ಅಂತ ಹೇಳ್ಬೇಡಿ. ಇಲ್ಲಿ ಓದುವವರಲ್ಲಿ ಯಾರಿಗಾದ್ರೂ ನಂಗೆ ಬಂದ ಹಾಗೆ ಯೋಚನೆ ಬರ್ತಾ ಇದ್ರೆ ಟೆಲಿ ಮಾನಸ್ ಅಂತ ಸರಕಾರದ್ದು ಉಂಟು, 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಭಾಷೆ ಆರಿಸಲಿಕ್ಕೆ ಆಗ್ತದೆ, ಕನ್ನಡ ಒತ್ತಿ.

ಕುಂಬಳೆ ಟೀಚರ್
ಪೆರ್ಲದಮ್ಮಾ, ನಿಮ್ಮದು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ಆ ಶಬ್ದ ನಾನು ಇನ್ನು ಬರೆಯುದಿಲ್ಲ, ಕ್ಷಮಿಸಿ. ಆದ್ರೆ ನಾನು ಹೇಳಿದ ಇನ್ನೊಂದು ಮಾತು ಬಿಡುದಿಲ್ಲ. ನಿಮ್ಗೆ ಇದ್ದದ್ದು ಡಿಪ್ರೆಶನ್, ಅದಕ್ಕೆ ಅದರ ಮದ್ದು ಸಿಕ್ಕಿತು. ನಂಗೆ ಡಿಪ್ರೆಶನ್ ಇರ್ಲಿಲ್ಲ, ನಿದ್ದೆ ಇರ್ಲಿಲ್ಲ. ನಂಗೆ ಕೊಟ್ಟ ಮಾತ್ರೆಯಿಂದ ಬಾಯಿ ಒಣಗಿ, ಹೊಟ್ಟೆ ತೊಳಸಿ, ಗಂಡ ಹೆಂಡತಿ ಹತ್ರ ಇರುವ ಆಸೆಯೂ ಹೋಯ್ತು, ಅದನ್ನು ಯಾರೂ ಮೊದ್ಲೇ ಹೇಳಿರ್ಲಿಲ್ಲ. ಕೇಳದೇ ಕೊಟ್ಟದ್ದು ತಪ್ಪು ಅಂತ ನನ್ನ ಸಿಟ್ಟು.

ಮುಳ್ಳೇರಿಯ ಸಿಸ್ಟರ್
ಇಬ್ರೂ ಸರಿ ಹೇಳ್ತಾ ಇದ್ದೀರಿ, ಇಬ್ರ ಕಾಯಿಲೆ ಬೇರೆ ಬೇರೆ ಅಷ್ಟೆ. ಇಂಗ್ಲೆಂಡಿನ ನೈಸ್ ಅಂತ ಒಂದು ಸಂಸ್ಥೆ ಡಾಕ್ಟ್ರುಗಳಿಗೆ ಮಾರ್ಗದರ್ಶನ ಬರೆಯುದು, 2015ರಲ್ಲಿ ಅವ್ರು ಬರೆದದ್ದೂ ಹೆಚ್ಚುಕಡಿಮೆ ಟೀಚರ್ ಮಾತೇ. ಬರೀ ಸೆಕೆ ಇರುವವರಿಗೆ ಈ ಜಾತಿ ಮಾತ್ರೆಯನ್ನು ಮೊದಲನೇ ಮದ್ದಾಗಿ ಸುಮ್ಮನೆ ಕೊಡ್ಬೇಡಿ, ಮತ್ತೆ ಡಿಪ್ರೆಶನ್ ಅಂತ ಗೊತ್ತಾಗದೇ ಇರುವ ಮಂಕುತನಕ್ಕೆ ಅದ್ರಿಂದ ಪ್ರಯೋಜನ ಅಂತ ಸ್ಪಷ್ಟ ಆಧಾರ ಇಲ್ಲ ಅಂತ. ಆದ್ರೆ ಖರೇ ಡಿಪ್ರೆಶನಿಗೆ ಹಾರ್ಮೋನ್ ಜೆಲ್ ಹಚ್ಚಿ ಕಾಯ್ತಾ ಕೂರುದು ಅಪಾಯ. ಈ ಮುಟ್ಟು ಏರುಪೇರಾಗುವ ನಾಲ್ಕೈದು ವರ್ಷ ಇದೆಯಲ್ಲ, ಆಗ ಡಿಪ್ರೆಶನ್ ಬರುವ ಸಂಭವ ಜಾಸ್ತಿಯೇ, ಮೊದ್ಲು ಒಮ್ಮೆ ಬಂದು ಹೋದವರಿಗೆ ಇನ್ನೂ ಜಾಸ್ತಿ, ಬಾಣಂತಿಯಲ್ಲಿ ಆದವರಿಗೂ.

ಎರಡನ್ನೂ ಎದುರೆದುರು ಇಟ್ಟು ನೋಡಿದ ಒಂದು ಅಧ್ಯಯನ 2014ರದ್ದು ಉಂಟು, ಅಮೇರಿಕದ್ದು, 339 ಹೆಂಗಸರು, ದಿನಕ್ಕೆ ಸರಾಸರಿ ಎಂಟು ಸಲ ಸೆಕೆ ಏರ್ತಿದ್ದವರು. ಕೆಲವರಿಗೆ ಕಡಿಮೆ ಡೋಸಿನ ಈಸ್ಟ್ರೊಜನ್ ಅರ್ಧ ಮಿಲಿಗ್ರಾಂ ಮಾತ್ರೆ, ಕೆಲವರಿಗೆ ವೆನ್ಲಾಫಾಕ್ಸಿನ್ 75, ಉಳಿದವರಿಗೆ ಸಪ್ಪೆ ಮಾತ್ರೆ. ಎರಡು ತಿಂಗಳಲ್ಲಿ ಈಸ್ಟ್ರೊಜನಿನವರಿಗೆ ಸುಮಾರು 53 ಶೇಕಡ ಕಡಿಮೆ ಆಯ್ತು, ವೆನ್ಲಾಫಾಕ್ಸಿನವರಿಗೆ 48, ಸಪ್ಪೆ ಮಾತ್ರೆಯವರಿಗೂ 29. ಅಂದ್ರೆ ಕಡಿಮೆ ಡೋಸಲ್ಲಿ ಎರಡಕ್ಕೂ ನಾವು ಅಂದುಕೊಂಡಷ್ಟು ಅಂತರ ಇಲ್ಲ. ಸರಿಯಾದ ಡೋಸಿನ ಹಾರ್ಮೋನಿಗೆ ಮುಕ್ಕಾಲು ಪಾಲು ಕಡಿಮೆ ಆಗ್ತದೆ, ಅದಕ್ಕೆ ಸಮ ಬೇರೆ ಯಾವುದೂ ಇಲ್ಲ. ಮತ್ತೆ ಎಲುಬು, ಕೆಳಗಿನ ಒಣಗುವಿಕೆ, ಉರಿಮೂತ್ರ, ಇದಕ್ಕೆಲ್ಲ ಹಾರ್ಮೋನ್ ಕೆಲಸ ಮಾಡ್ತದೆ, ಆ ಮಾತ್ರೆ ಮಾಡುದಿಲ್ಲ. ಬೇಳದ ಅತ್ತೆಯ ಸೊಂಟದ ಕತೆ ಅದಕ್ಕೇ ಮುಖ್ಯ.

ಉಪ್ಪಳದವಳು
ನಂಗೆ 46ಕ್ಕೆ ಎಡ ಬದಿಯ ಸ್ತನ ಕ್ಯಾನ್ಸರ್ ಆಪರೇಶನ್ ಆದದ್ದು. ಕೀಮೋ ಮುಗ್ದು, ಕ್ಯಾನ್ಸರ್ ತಿರುಗಿ ಬಾರದ ಹಾಗೆ ಟಾಮಾಕ್ಸಿಫೆನ್ ಅನ್ನುವ ಮಾತ್ರೆ ತೆಗೊಳ್ತಾ ಇದ್ದೇನೆ, ಆ ಮಾತ್ರೆಯೇ ಸೆಕೆ ತರ್ತದೆ, ಅದೂ ಎಂಥ ಸೆಕೆ, ಮೀನು ಸಾರಿಗೆ ಒಗ್ಗರಣೆ ಹಾಕ್ಲಿಕ್ಕೆ ಒಲೆ ಎದುರು ನಿಲ್ಲಲಿಕ್ಕೆ ಆಗ್ತಿರ್ಲಿಲ್ಲ. ನಂಗೆ ಹಾರ್ಮೋನ್ ಅಂತ ಆಯ್ಕೆಯೇ ಇಲ್ಲ. ನನ್ನಂಥವರಿಗೆ ಈ ಡಿಪ್ರೆಶನ್ ಜಾತಿಯ ಮಾತ್ರೆ ದೊಡ್ಡ ಆಧಾರ. ಆದ್ರೆ ಒಂದು ವಿಷಯ ಜಾಗ್ರತೆ, ಎಲ್ಲರೂ ಓದಿ. ನಂಗೆ ಹತ್ತಿರದ ಒಂದು ಕ್ಲಿನಿಕ್ಕಲ್ಲಿ ಮೊದ್ಲು ಪ್ಯಾರಾಕ್ಸಿಟಿನ್ ಕೊಟ್ರು. ಕ್ಯಾನ್ಸರ್ ಡಾಕ್ಟ್ರು ಚೀಟಿ ನೋಡಿ ಕೂಡ್ಲೆ ಬದಲಿಸಿದ್ರು. ಟಾಮಾಕ್ಸಿಫೆನ್ ಲಿವರಲ್ಲಿ ಬದಲಾದ ಮೇಲೆಯೇ ಗಟ್ಟಿ ಕೆಲಸ ಮಾಡುದಂತೆ, ಅದನ್ನು ಬದಲಿಸುವ ಎಂಜೈಮನ್ನು ಪ್ಯಾರಾಕ್ಸಿಟಿನ್, ಫ್ಲುಆಕ್ಸೆಟಿನ್ ಎರಡೂ ತಡೀತವೆ. ಈಗ ವೆನ್ಲಾಫಾಕ್ಸಿನ್ ತೆಗೊಳ್ತೇನೆ, ಅದು ಹಾಗೆ ತಡೆಯುದಿಲ್ಲ. ಸೆಕೆ ಹೋಗಿಲ್ಲ, ಅರ್ಧ ಆಗಿದೆ, ಅರ್ಧ ಆದ್ರೆ ಸಾಕು ಮಾರಾಯ್ತಿ, ನಿದ್ದೆ ಬರ್ತದೆ.

ಎಲ್ಲಾ ಡಾಕ್ಟ್ರ ಚೀಟಿ ಒಂದೇ ತೊಟ್ಟೆಯಲ್ಲಿ ಹಾಕಿ ಎಲ್ಲಾ ಕಡೆ ತೋರಿಸಿ. ಗಡಿ ಈಚೆ ಒಬ್ರು ಆಚೆ ಒಬ್ರು ನೋಡುವಾಗ ಇವ್ರು ಕೊಟ್ಟದ್ದು ಅವ್ರಿಗೆ ಗೊತ್ತಿರುದಿಲ್ಲ.

ಮಂಜೇಶ್ವರ ಹುಡುಗ
ಗಂಡಸು ಇಲ್ಲಿ ಬರೀಬಹುದಾ ಗೊತ್ತಿಲ್ಲ, ಅಮ್ಮನ ವಿಷಯ. ಅಮ್ಮನಿಗೆ 52, ವೆನ್ಲಾಫಾಕ್ಸಿನ್ ಏಳು ತಿಂಗಳಿಂದ ಇತ್ತು, ಸೆಕೆಗೇ ಕೊಟ್ಟದ್ದು. ಮೊನ್ನೆ ಮದುವೆ ಮನೆಯಲ್ಲಿ ಯಾರೋ ಇದು ಅಭ್ಯಾಸ ಹಿಡಿಯುವ ಮದ್ದು ಅಂದ್ರಂತೆ, ಅಮ್ಮ ಹೆದರಿ ಒಮ್ಮೆಲೇ ನಿಲ್ಲಿಸಿದ್ರು. ಮೂರನೇ ದಿನದಿಂದ ತಲೆ ತಿರುಗುದು, ವಾಂತಿ ಬಂದ ಹಾಗೆ ಆಗುದು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗ್ತದೆ ಅಂತಾರೆ. ನೋಡಿ ಅಮ್ಮನಿಗೆ ನಿಜಕ್ಕೂ ಅಭ್ಯಾಸ ಹಿಡ್ದಿದೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾ ಇದ್ದಾರೆ. ಎಂತ ಮಾಡುದು?

ಮುಳ್ಳೇರಿಯ ಸಿಸ್ಟರ್
ತಮ್ಮಾ ಬರೀಬಹುದು, ಬರ್ದದ್ದು ಒಳ್ಳೆದಾಯ್ತು. ಇವತ್ತೇ ಕೊಟ್ಟ ಡಾಕ್ಟ್ರಿಗೆ ಫೋನ್ ಮಾಡು, ನಾಳೆಗೆ ಬಿಡ್ಬೇಡ. ಕುಡಿತದ ಹಾಗೆ ಚಟ ಹಿಡಿಯುದಲ್ಲ ಇದು. ಮೆದುಳು ಆ ಮಾತ್ರೆಗೆ ಹೊಂದಿಕೊಂಡಿರ್ತದೆ, ಒಮ್ಮೆಲೇ ತೆಗೆದ್ರೆ ಹೀಗಾಗ್ತದೆ. ವೆನ್ಲಾಫಾಕ್ಸಿನ್, ಪ್ಯಾರಾಕ್ಸಿಟಿನ್ ಎರಡರಲ್ಲಿ ಇದು ಹೆಚ್ಚು. ಸಾಧಾರಣ ಡಾಕ್ಟ್ರು ಪುನಃ ಶುರು ಮಾಡಿ ನಿಧಾನ ಇಳಿಸ್ತಾರೆ. ಬಿಪಿ ಕೂಡ ನೋಡಿಸು, ವೆನ್ಲಾಫಾಕ್ಸಿನಲ್ಲಿ ಬಿಪಿ ಏರುದುಂಟು. ಮತ್ತೆ ಅಮ್ಮನ ಎದುರು ಯಾರೂ ಹಾಗೆ ಮಾತಾಡದ ಹಾಗೆ ನೀನು ನೋಡ್ಕೋ.

ಅಡೂರಿನಿಂದ
ನನ್ನ ಕತೆ ಬೇರೆ. ರಕ್ತಸ್ರಾವ ಅಂತ 38ಕ್ಕೆ ಗರ್ಭಕೋಶ ತೆಗೆಸಿದ್ರು. ಎರಡೂ ಅಂಡಾಶಯ ಕೂಡ ತೆಗೆದಿದ್ದಾರೆ ಅಂತ ನಂಗೆ ಗೊತ್ತಾದದ್ದು ಆರು ವರ್ಷ ಕಳೆದು, ಹಳೇ ಡಿಸ್ಚಾರ್ಜ್ ಕಾಗದ ಇನ್ನೊಬ್ರು ಡಾಕ್ಟ್ರು ಓದಿದಾಗ. ಈ ಆರು ವರ್ಷ ನಂಗೆ ಸೆಕೆ, ಕೈಕಾಲು ಗಂಟು ನೋವು, ಮರೆವು, ಎಲ್ಲದಕ್ಕೂ ವಿಟಮಿನ್ ಮತ್ತೆ ನಿದ್ದೆ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಬೀಡಿ ಕಟ್ಟುವವಳು ನಾನು, ದಿನಕ್ಕೆ ಸಾವಿರ ಕಟ್ತಿದ್ದವಳಿಗೆ ನಾನೂರು ಆಗುದಿಲ್ಲ ಈಗ. 44 ನಂಗೆ. ಹಾರ್ಮೋನ್ ಈಗ ತೆಗೊಳ್ಳಬಹುದಾ, ತಡ ಆಯ್ತಾ?

ಮುಳ್ಳೇರಿಯ ಸಿಸ್ಟರ್
ಅಕ್ಕಾ ನಿಮ್ಮದು ಓದಿ ಹೊಟ್ಟೆ ಉರಿಯಿತು. ಅಂಡಾಶಯ ತೆಗೆದ್ರೆ ಈಸ್ಟ್ರೊಜನ್ ಒಂದೇ ದಿನದಲ್ಲಿ ಇಳಿಯುದು, ಮೆಲ್ಲ ಇಳಿಯುದಲ್ಲ, ಅದಕ್ಕೇ ಅಷ್ಟು ಕಷ್ಟ. ಅದು ಹೇಳದೇ ಮಾಡುವಂಥದ್ದಲ್ಲ. ನಿಮ್ಮಷ್ಟು ಸಣ್ಣ ಪ್ರಾಯದಲ್ಲಿ ಆದವರಿಗೆ, ಅಡ್ಡಿ ಏನೂ ಇಲ್ದಿದ್ರೆ, ಸ್ವಾಭಾವಿಕವಾಗಿ ನಿಲ್ಲುವ ಪ್ರಾಯದವರೆಗಾದ್ರೂ ಹಾರ್ಮೋನ್ ತೆಗೊಳ್ಳಿ ಅಂತಲೇ ಹೇಳುದು, ಎಲುಬಿಗೆ ಮತ್ತೆ ಹೃದಯಕ್ಕೆ ಬೇಕು. 44ಕ್ಕೆ ತಡ ಆಗ್ಲಿಲ್ಲ. ಗರ್ಭಕೋಶ ಇಲ್ಲದ ಕಾರಣ ಈಸ್ಟ್ರೊಜನ್ ಒಂದೇ ಸಾಕು. ಅದೇ ಡಬ್ಲ್ಯುಎಚ್‌ಐಯಲ್ಲಿ ಗರ್ಭಕೋಶ ತೆಗೆದ 10,739 ಹೆಂಗಸರಿಗೆ ಬೇರೆ ಅಧ್ಯಯನ ಇತ್ತು, ಈಸ್ಟ್ರೊಜನ್ ಒಂದನ್ನೇ ಕೊಟ್ಟದ್ದು, 2004ರಲ್ಲಿ ಪಾರ್ಶ್ವವಾಯು ಹೆಚ್ಚಾದ ಕಾರಣ ನಿಲ್ಲಿಸಿದ್ರು, ಆದ್ರೆ ಸ್ತನ ಕ್ಯಾನ್ಸರ್ ಹೆಚ್ಚಾಗ್ಲಿಲ್ಲ, ಮುಂದೆ ನೋಡುವಾಗ ಕಡಿಮೆಯೇ ಕಂಡಿತು. ಇದು ಯಾವ ಪೇಪರಲ್ಲೂ ದೊಡ್ಡ ಅಕ್ಷರದಲ್ಲಿ ಬರ್ಲಿಲ್ಲ. ಆ ಡಿಸ್ಚಾರ್ಜ್ ಕಾಗದ ಹಿಡ್ಕೊಂಡು ಹೋಗಿ. ಎಲುಬಿನ ಸಾಂದ್ರತೆ ಟೆಸ್ಟ್ ಮಾಡಿಸ್ಲಿಕ್ಕೆ ಕೇಳಿ.

ಬಾಯಾರಿನವಳು, ಶಾರ್ಜಾ
ಇಲ್ಲಿ ನನ್ನ ಜೊತೆ ಕೆಲಸ ಮಾಡುವವಳು ಹೊಸ ಮಾತ್ರೆ ಬಗ್ಗೆ ಹೇಳ್ತಿದ್ಳು, ಹಾರ್ಮೋನೂ ಅಲ್ಲ ಡಿಪ್ರೆಶನ್ ಮದ್ದೂ ಅಲ್ಲ. ಫೆಜೊಲಿನೆಟಾಂಟ್ ಅಂತ, ಅಮೇರಿಕದಲ್ಲಿ 2023ರಲ್ಲಿ ಬಂದದ್ದು. ಸಿಸ್ಟರ್ ಹೇಳಿದ ಆ ಸ್ಟಾರ್ಟರಿಗೇ ನೇರ ಹೋಗಿ ಕೂರುದಂತೆ. ಲಿವರ್ ಟೆಸ್ಟ್ ಮಾಡಿಸ್ತಾ ಇರ್ಬೇಕು, ಲಿವರಿಗೆ ತೊಂದರೆ ಆದದ್ದುಂಟು ಅಂತ 2024ರ ಕೊನೆಗೆ ದೊಡ್ಡ ಎಚ್ಚರಿಕೆ ಹಾಕಿದ್ದಾರೆ. ಮತ್ತೆ 2025ರ ನವೆಂಬರಲ್ಲಿ ಅಮೇರಿಕದ ಮದ್ದಿನ ಇಲಾಖೆ ಎಫ್‌ಡಿಎ ಹಾರ್ಮೋನ್ ಡಬ್ಬಿ ಮೇಲಿದ್ದ ಆ ಕಪ್ಪು ಚೌಕದ ಎಚ್ಚರಿಕೆಯಿಂದ ಹೃದಯ, ಸ್ತನ ಕ್ಯಾನ್ಸರಿನ ಮಾತು ತೆಗೀತೇವೆ ಅಂತ ಹೇಳಿತಲ್ಲ.

ಮುಳ್ಳೇರಿಯ ಸಿಸ್ಟರ್
ಹೌದು, ಅದನ್ನೂ ಓದಿದೆ. ಆದ್ರೆ ಗರ್ಭಕೋಶ ಇರುವವರು ಈಸ್ಟ್ರೊಜನ್ ಒಂದನ್ನೇ ತೆಗೊಂಡ್ರೆ ಒಳಪದರದ ಕ್ಯಾನ್ಸರ್ ಅಂತ ಇದ್ದ ಎಚ್ಚರಿಕೆ ಉಳಿಸಿದ್ದಾರೆ. ಎಚ್ಚರಿಕೆ ತೆಗೆದ್ರು ಅಂತ ಯಾರೂ ಮದ್ದಿನ ಅಂಗಡಿಯಿಂದ ತಾವೇ ತಂದು ಹಚ್ಚಿಕೊಳ್ಳಬೇಡಿ. ಸ್ತನ ಕ್ಯಾನ್ಸರ್ ಆದವರು, ಪಾರ್ಶ್ವವಾಯು ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗ್ತಾ ಇರುವವರು, ಇವರಿಗೆ ಆಗುದಿಲ್ಲ.

ಬೇಳದ ಅತ್ತೆ
ಒಂದೆಲಗದ ತಂಬುಳಿ, ಪುನರ್ಪುಳಿ ನೀರು, ಲಾವಂಚ ಹಾಕಿಟ್ಟ ನೀರು ಇದೆಲ್ಲ ಆಗುದಿಲ್ವಾ ಸಿಸ್ಟರೇ? ಸೊಸೆಗೆ ಅಗಸೆ ಬೀಜ ಹುಡಿ ಮಾಡಿ ಕೊಟ್ಟೆವು, ಸ್ವಲ್ಪ ಕಡಿಮೆ ಆಯ್ತು ಅಂತ ಹೇಳ್ತಾಳೆ.

ಮುಳ್ಳೇರಿಯ ಸಿಸ್ಟರ್
ಅತ್ತೇ ಧಾರಾಳ ಕೊಡಿ, ಹೊಟ್ಟೆಗೆ ತಂಪು, ಯಾರಿಗೂ ಹಾಳಿಲ್ಲ. ಸಪ್ಪೆ ಮಾತ್ರೆಯಲ್ಲೇ 29 ಶೇಕಡ ಕಡಿಮೆ ಆಯ್ತು ಅಂತ ಮೇಲೆ ಬರ್ದೆನಲ್ಲ, ಹಾಗೆ ನಂಬಿಕೆಯಲ್ಲಿ ಮತ್ತೆ ಕಾಲ ಕಳೆದಂತೆ ಸ್ವಲ್ಪ ಕಡಿಮೆ ಆಗುದು ನಿಜವೇ. ಸೋಯಾ, ಅಗಸೆ ಇದಕ್ಕೆಲ್ಲ ಮದ್ದಿನಷ್ಟು ಗಟ್ಟಿ ಆಧಾರ ಸಿಕ್ಕಿಲ್ಲ. ಆದ್ರೆ ಹೆಸರಿಲ್ಲದ ಹುಡಿ, ಹಾರ್ಮೋನ್ ಸರಿ ಮಾಡ್ತೇವೆ ಅಂತ ಮೊಬೈಲಲ್ಲಿ ಬರುವ ಡಬ್ಬಿ, ಅದು ಬೇಡ. ಮದ್ದಲ್ಲದ್ದರಲ್ಲಿ ಆಧಾರ ಇರುದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಗೆ. ಸೆಕೆ ಬರುದನ್ನೇ ನಿಲ್ಲಿಸ್ಲಿಕ್ಕಿಲ್ಲ, ಬಂದಾಗ ಆಗುವ ಗಾಬರಿ ಮತ್ತೆ ನಿದ್ದೆಗೆಡುದು ಕಡಿಮೆ ಮಾಡ್ತದೆ. ಆದ್ರೆ ಪೆರ್ಲದಮ್ಮ ಹೇಳಿದ್ದೇ, ಮಾತಿನ ಚಿಕಿತ್ಸೆ ನಮ್ಮ ಮಾತಲ್ಲೇ ಸಿಗ್ಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲಿ, ತುಳುವಲ್ಲಿ ಕೂತು ಮಾತಾಡಿಸುವವರು ಎಷ್ಟು ಜನ ಇದ್ದಾರೆ ಹೇಳಿ.

ನೀರ್ಚಾಲು ಅಕ್ಕ
ತಡವಾಗಿ ಬರೀತಾ ಇದ್ದೇನೆ, ಅಡಿಕೆ ಕೆಲಸ ಇತ್ತು. ನಿಮ್ಮದೆಲ್ಲ ಎರಡೆರಡು ಸಲ ಓದಿದೆ. ಸಿಸ್ಟರೇ ನೀವು ಕೇಳಿದ್ದಕ್ಕೆ, ಗರ್ಭಕೋಶ ಉಂಟು, ಬಿಪಿ 148/92 ಇತ್ತು ಆ ದಿನ, ಚಿಕ್ಕಮ್ಮನಿಗೆ 62ಕ್ಕೆ ಸ್ತನ ಕ್ಯಾನ್ಸರ್ ಆಗಿದೆ, ರಕ್ತ ಹೆಪ್ಪುಗಟ್ಟಿದ್ದು ಯಾರಿಗೂ ಇಲ್ಲ. ಮನಸ್ಸು ಅಂದ್ರೆ, ದೇವಸ್ಥಾನದ ಭಜನೆಗೆ ಹೋದ್ರೆ ಈಗ್ಲೂ ಖುಷಿ ಆಗ್ತದೆ. ನಿದ್ದೆ ಆದ ದಿನ ಸಿಟ್ಟೂ ಇಲ್ಲ. ಹಾಗಾಗಿ ಪೆರ್ಲದಮ್ಮನಿಗೆ ಆದದ್ದು ನಂಗೆ ಆದದ್ದಲ್ಲ ಅಂತ ಕಾಣ್ತದೆ.

ನಿಮ್ಮ ಮಾತು ಓದಿದ ರಾತ್ರಿಯೇ ಆ ಮಾತ್ರೆ ಶುರು ಮಾಡಿದೆ. ಮೊದಲ ನಾಲ್ಕು ದಿನ ಹೊಟ್ಟೆ ತೊಳಸಿತು. ಮಗಳು ಗೋಡೆ ಕ್ಯಾಲೆಂಡರಲ್ಲಿ ದಿನಕ್ಕೆ ಎಷ್ಟು ಸಲ ಅಂತ ಗೆರೆ ಎಳೆದು ಬರೀಲಿಕ್ಕೆ ಹೇಳಿದ್ಳು. ಮೂರು ವಾರದಲ್ಲಿ ಒಂಬತ್ತು ಇದ್ದದ್ದು ಐದಕ್ಕೆ ಬಂತು. ರಾತ್ರಿ ಒಂದೇ ಸಲ ಏಳುದು.

ಮತ್ತೆ ಪುನಃ ಅದೇ ಡಾಕ್ಟ್ರ ಹತ್ರ ಹೋದೆ, ಈ ಸಲ ಪ್ರಶ್ನೆ ಚೀಟಿಯಲ್ಲಿ ಬರ್ಕೊಂಡು. ನಂಗೆ ಯಾಕೆ ಹಾರ್ಮೋನ್ ಕೊಡ್ಲಿಲ್ಲ ಅಂತ ಕೇಳಿದೆ. ಅವ್ರು ಪೆನ್ನು ಕೆಳಗಿಟ್ಟು ಹೇಳಿದ್ರು, ನಿಮ್ಮ ಬಿಪಿ ಹೆಚ್ಚಿತ್ತು, ಮುಟ್ಟು ಏರುಪೇರಿತ್ತು, ಚಿಕ್ಕಮ್ಮನ ವಿಷಯ ಇತ್ತು, ಮ್ಯಾಮೊಗ್ರಾಂ ಆಗಿರ್ಲಿಲ್ಲ, ಅದಕ್ಕೆ ಮೊದ್ಲು ಇದು ಕೊಟ್ಟು ನೋಡುವ ಅಂತ ಇದ್ದೆ, ಹೇಳ್ಬೇಕಿತ್ತು, ಹೇಳ್ಲಿಕ್ಕೆ ಆಗ್ಲಿಲ್ಲ. ಚಿಕ್ಕಮ್ಮನಿಗೆ ಬಂದದ್ದು ಒಂದೇ ಕಾರಣಕ್ಕೆ ನಿಮ್ಗೆ ಹಾರ್ಮೋನ್ ಆಗುದೇ ಇಲ್ಲ ಅಂತ ಇಲ್ಲ, ಟೆಸ್ಟ್ ಮಾಡಿಸಿ ನೋಡುವ ಅಂದ್ರು. ರಕ್ತ ಟೆಸ್ಟಲ್ಲಿ ಥೈರಾಯ್ಡ್ ಸರಿ ಉಂಟು, ಹಿಮೋಗ್ಲೋಬಿನ್ 9.4, ಅದಕ್ಕೆ ಕಬ್ಬಿಣದ ಮಾತ್ರೆ. ಸ್ಕ್ಯಾನಲ್ಲಿ ಒಳಪದರ ಸರಿ ಉಂಟಂತೆ. ಕೆಳಗಿನ ಉರಿ ನಾನು ಯಾರಿಗೂ ಹೇಳಿರ್ಲಿಲ್ಲ, ಈ ಸಲ ಹೇಳಿದೆ, ಅದಕ್ಕೆ ಅಲ್ಲಿಗೇ ಹಚ್ಚುವ ಈಸ್ಟ್ರೊಜನ್ ಕ್ರೀಮ್ ಕೊಟ್ಟಿದ್ದಾರೆ, ಅದು ಮೈಗೆ ಸೇರುದು ತೀರಾ ಕಡಿಮೆ ಅಂತ.

ಜೆಲ್ ಬೇಕಾ ಬೇಡ್ವಾ ಅಂತ ಮ್ಯಾಮೊಗ್ರಾಂ ನೋಡಿ ಹೇಳ್ತಾರೆ. ಬೇಡ ಅಂದ್ರೂ ಈಗ ನಂಗೆ ಯಾಕೆ ಅಂತ ಗೊತ್ತಿರ್ತದೆ. ಕಪಾಟಿನಲ್ಲಿ ಅಡಗಿಸಿಟ್ಟಿದ್ದ ಮಾತ್ರೆ ಈಗ ಊಟದ ಮೇಜಿನ ಮೇಲೇ ಉಂಟು, ಉಪ್ಪಿನಕಾಯಿ ಭರಣಿ ಹತ್ರ, ನಾದಿನಿ ಬಂದಾಗ್ಲೂ ತೆಗೆದಿಡ್ಲಿಲ್ಲ.

ಗುರುವಾರ ಮ್ಯಾಮೊಗ್ರಾಂ. ಕುಂಬಳೆ ಟೀಚರ್ ರಜೆ ಹಾಕಿ ಜೊತೆಗೆ ಬರ್ತೇನೆ ಅಂದಿದ್ದಾರೆ. ಅಡೂರಿನ ತಂಗೀ, ನೀವೂ ಆ ಡಿಸ್ಚಾರ್ಜ್ ಕಾಗದ ತೆಗೊಂಡು ಬನ್ನಿ, ಅದೇ ದಿನ ಅದೇ ಡಾಕ್ಟ್ರಿಗೆ ತೋರಿಸುವ, ಚೀಟಿ ನಾನು ಮೊದ್ಲೇ ಮಾಡಿಸ್ತೇನೆ. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿಂದ ಮಂಗ್ಳೂರಿನ ಬಸ್ ಹತ್ತಿ ಕೂತ್ಕೊಳ್ಳಿ, ನಾವು ಕುಂಬಳೆಯಲ್ಲಿ ಏಳೂಮುಕ್ಕಾಲಿಗೆ ನಿಂತಿರ್ತೇವೆ.

ಅಡೂರಿನಿಂದ
ಬರ್ತೇನೆ ಅಕ್ಕ. ಬುಧವಾರ ಬೀಡಿ ಕೊಟ್ಟು ಬಂದು ಕಾಗದ ಹುಡುಕಿ ಇಡ್ತೇನೆ.